ಹೊಗೆಯ ಪಾಲು ಹಂಚುವವರಿಗೆ ಕೊನೆಯ ಮಹಡಿಯಿಂದ

ಮಾನ್ಯ ಅಧ್ಯಕ್ಷರೇ,

ತಾವು ಹೊಗೆ ಹಂಚುತ್ತಿರುವ ಕ್ರಮ ಸರಿಯಿಲ್ಲ. ಮೊದಲು ಕುಶಲ ವಿಚಾರಿಸಿ ಆಮೇಲೆ ಹೇಳಬೇಕಾದ ಮಾತಿದು. ಆದರೆ ತಮ್ಮ ಕುಶಲವನ್ನು ರೇಡಿಯೋದವರೇ ದಿನವೂ ಬೆಳಿಗ್ಗೆ ಸಂಜೆ ತಿಳಿಸುತ್ತಿದ್ದಾರೆ. ತಾವು ತಂಪಾದ ಸಭಾಂಗಣದಲ್ಲಿ, ಇಷ್ಟೂ ದೇಶಗಳ ಪ್ರತಿನಿಧಿಗಳನ್ನು ಎದುರಿಗೆ ಕೂರಿಸಿಕೊಂಡು, ಯಾವ ದೇಶ ಇನ್ನೆಷ್ಟು ಹೊಗೆ ಬಿಡಬಹುದು ಎಂದು ಪಾಲು ಮಾಡುತ್ತಿದ್ದೀರಂತೆ. ಮಾಡಬೇಕಾದದ್ದೇ. ಮೇಲೆ ಆಕಾಶದಲ್ಲಿ ಹೊಗೆಗೆ ಜಾಗ ಮುಗಿಯುತ್ತಾ ಬಂದಿದೆ ಎಂಬುದು ಈಗ ನಮ್ಮಂಥವರಿಗೂ ಗೊತ್ತು. ಕೊನೆಯ ಮಹಡಿಯ ಬಿಸಿಲಿನಲ್ಲಿ ಬೇಯುವ ನನಗೆ ಉಳಿದವರಿಗಿಂತ ಸ್ವಲ್ಪ ಮುಂಚೆಯೇ ಗೊತ್ತಾಯಿತು. ನನ್ನ ತಕರಾರು ಹಂಚುವುದರ ಬಗ್ಗೆ ಅಲ್ಲ, ಹಂಚುವ ಅಳತೆಯ ಬಗ್ಗೆ. ಹಿಂದೆ ಯಾರು ಎಷ್ಟು ಬಿಟ್ಟಿದ್ದರೋ ಅದನ್ನೇ ಆಧಾರವಾಗಿಟ್ಟುಕೊಂಡು ಮುಂದಿನ ಪಾಲು ನಿಗದಿ ಮಾಡುವ ಸಲಹೆ ತಮ್ಮ ಮೇಜಿನ ಮೇಲಿದೆ, ಇದ್ದುದರಲ್ಲಿ ಅದೇ 'ಕಾರ್ಯಸಾಧ್ಯ' ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಅಂದರೆ ಹೆಚ್ಚು ಬಿಟ್ಟವರಿಗೆ ಹೆಚ್ಚು, ಬಿಡದವರಿಗೆ ಕಡಿಮೆ. ಮೂರು ಸಲ ಬಡಿಸಿಕೊಂಡು ಉಂಡವನಿಗೆ ಉಣ್ಣುವ ಅಭ್ಯಾಸ ಜಾಸ್ತಿ, ಆದ್ದರಿಂದ ಪಾತ್ರೆಯಲ್ಲಿ ಉಳಿದದ್ದನ್ನೂ ಅವನಿಗೇ ಬಡಿಸಿ ಎಂದ ಹಾಗಾಯಿತು. ಇದಕ್ಕೆ ನ್ಯಾಯ ಎಂಬ ಹೆಸರು ಬೇರೆ.

ನಾನು ಯಾರೆಂದು ತಾವು ಕೇಳುವುದಿಲ್ಲ, ಅಷ್ಟು ಪುರುಸೊತ್ತು ತಮಗಿಲ್ಲ. ಆದರೂ ಹೇಳುತ್ತೇನೆ. ನಾನೊಬ್ಬಳು ದರ್ಜಿ. ಈ ನಾಲ್ಕು ಮಹಡಿಯ ಕಟ್ಟಡದಲ್ಲಿ ಎಲ್ಲರ ಬಾಯಲ್ಲೂ ಟೈಲರಮ್ಮ. ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿದು ಹೊಟ್ಟೆ ಹೊರೆಯುತ್ತೇನೆ. ನಮ್ಮ ಯಜಮಾನರು ಇದ್ದಾಗ ಇಬ್ಬರೂ ಒಟ್ಟಿಗೆ ವಾರ್ತೆ ಕೇಳುತ್ತಿದ್ದೆವು. ರೇಡಿಯೋದವರು ಒಂದು ಮಾತು ಹೇಳಿದರೆ ಅವರು ಎರಡು ಸೇರಿಸುತ್ತಿದ್ದರು, ನಾನು ನಾಲ್ಕು. ಈಗಲೂ ವಾರ್ತೆ ಮುಗಿದ ಕೂಡಲೇ ಏನೋ ಅನ್ನಬೇಕೆಂದು ಬಾಯಿ ತೆರೆದು ಮಂಚದ ಕಡೆ ತಿರುಗುತ್ತೇನೆ. ಮಂಚದ ಮೇಲೆ ಗುಂಡಿ ಹಾಕಬೇಕಾದ ಅಂಗಿಗಳ ರಾಶಿ. ಅಂಗಿಗಳು ಎದುರುತ್ತರ ಕೊಡುವುದಿಲ್ಲ. ಮನೆಯಲ್ಲಿ ಮಾತಿಗೆ ಒಬ್ಬರಿದ್ದಿದ್ದರೆ ತಮಗೆ ಈ ತೊಂದರೆ ಕೊಡುತ್ತಿರಲಿಲ್ಲ, ಸ್ವಾಮಿ. ಆಡದೆ ಉಳಿದ ಮಾತು ಎಲ್ಲಿಗಾದರೂ ಹೋಗಬೇಕಲ್ಲ, ತಮ್ಮವರೆಗೇ ಹೋಗಲಿ ಎಂದು ಬರೆಯುತ್ತಿದ್ದೇನೆ.

ತಮ್ಮ ಕಾರ್ಯಸಾಧ್ಯ ಅಳತೆಯನ್ನು ನಮ್ಮ ಕಟ್ಟಡದಲ್ಲಿ ಆಗಲೇ ಜಾರಿಗೆ ತಂದು ನೋಡಿಯಾಗಿದೆ. ಅದರ ಕತೆ ಕೇಳಿ. ಇಲ್ಲಿ ಬೇಸಿಗೆ ಬಂತೆಂದರೆ ಮಧ್ಯಾಹ್ನವಿಡೀ ಕರೆಂಟು ಇರುವುದಿಲ್ಲ. ಅದಕ್ಕೆಂದು ಎಲ್ಲ ಮನೆಯವರೂ ಸೇರಿ ಕೆಳಗೆ ಒಂದು ಜನರೇಟರ್ ಇಟ್ಟುಕೊಂಡೆವು. ಅದು ಸಣ್ಣದು, ಎಲ್ಲರ ಮನೆಯ ಎಲ್ಲವನ್ನೂ ಎಳೆಯುವ ತಾಕತ್ತು ಅದಕ್ಕಿಲ್ಲ. ಆದ್ದರಿಂದ ಮನೆಗೊಂದು ಮಿತಿ. ಮಿತಿ ದಾಟಿದರೆ ಆ ಮನೆಯ ಸ್ವಿಚ್ಚು ಟಕ್ಕೆಂದು ಟ್ರಿಪ್ ಆಗುತ್ತದೆ, ನೆಲಮಹಡಿಗೆ ಇಳಿದು ಹೋಗಿ ಮತ್ತೆ ಎತ್ತಬೇಕು. ಯಾವ ಮನೆಗೆ ಎಷ್ಟು ಮಿತಿ? ಇಲ್ಲಿಯೇ ನಮ್ಮ ಸಂಘದ ಕಾರ್ಯದರ್ಶಿಗಳ ಬುದ್ಧಿ ಕೆಲಸ ಮಾಡಿದ್ದು. ಅವರು ನಿವೃತ್ತ ಅಧಿಕಾರಿ, ತಮ್ಮ ಹಾಗೆಯೇ ಜಗಳವೆಂದರೆ ಅಲರ್ಜಿ.

"ನೋಡಿ, ವಾದ ವಿವಾದ ಏನೂ ಬೇಡ. ಈ ಬೇಸಿಗೇಲಿ ಯಾರ ಮೀಟರ್ ಎಷ್ಟು ಓಡುತ್ತೋ, ಅದೇ ಲೆಕ್ಕದಲ್ಲಿ ಜನರೇಟರ್ ಪಾಲು. ಮೀಟರ್ ಸುಳ್ಳು ಹೇಳಲ್ಲ," ಅಂದರು.

ಮೀಟರ್ ಸುಳ್ಳು ಹೇಳಲಿಲ್ಲ, ನಿಜ. ಆದರೆ ಆ ಬೇಸಿಗೆಯಲ್ಲಿ ಇಡೀ ಕಟ್ಟಡ ಸುಳ್ಳು ಹೇಳಿತು. ಹೆಚ್ಚು ಉರಿಸಿದರೆ ಹೆಚ್ಚು ಸಿಗುತ್ತದೆ ಎಂದ ಮೇಲೆ ಕಡಿಮೆ ಉರಿಸುವ ದಡ್ಡರು ಯಾರಿದ್ದಾರೆ? ಹಗಲು ಹೊತ್ತಿನಲ್ಲಿ ದೀಪ, ಬಾತ್‌ರೂಮಿನಲ್ಲಿ ಫ್ಯಾನು, ಒಣಗಿದ ಬಟ್ಟೆಗೆ ಮತ್ತೊಮ್ಮೆ ಇಸ್ತ್ರಿ. ಮೊದಲ ಮಹಡಿಯವರಂತೂ ರಜೆಗೆ ಪರವೂರಿಗೆ ಹೊರಟಾಗ ಬಾಗಿಲಿಗೆ ಬೀಗ ಹಾಕಿದರು, ಒಳಗೆ ಎಸಿ ಹಾಕಿದರು. ಅವರು ಬರುವವರೆಗೂ ಆ ಖಾಲಿ ಮನೆಯ ಎಸಿಯ ನೀರು ಮೆಟ್ಟಿಲ ಪಕ್ಕದ ಪೈಪಿನಿಂದ ತೊಟ್ಟಿಕ್ಕುತ್ತಲೇ ಇತ್ತು. ಅದನ್ನು ದಾಟಿಕೊಂಡು ಹೋಗಿ ಬರುತ್ತಿದ್ದ ನಾನು ಒಂದು ದಿನ ಸೀದಾ ನಮ್ಮವರನ್ನೇ ಕೇಳಿದೆ.

"ಏನ್ರೀ, ನಾವೂ ಒಂದಿಷ್ಟು ಉರಿಸೋಣ್ವಾ? ಇಲ್ದಿದ್ರೆ ನಾಳೆ ನಮಗೆ ಚಿಪ್ಪೇ ಗತಿ."

ಅವರು ಕೂತಲ್ಲಿಂದಲೇ ನಕ್ಕರು. ಆಗಲೇ ನಕ್ಕರೆ ಕೆಮ್ಮು ಬರುತ್ತಿತ್ತು. "ಯಾರೂ ಇಲ್ದಿರೋ ರೂಮಿಗೆ ಯಾಕೆ ಫ್ಯಾನು, ಗೋಡೆ ಬೆವರ್ತಿದ್ಯಾ? ಜೀವಮಾನ ಎಲ್ಲ ಬಾಯ್ಲರ್ ಮುಂದೆ ಕಳೆದಿದೀನಿ ಕಣೇ. ಸುಮ್‌ಸುಮ್ನೆ ಉರಿಸೋದಕ್ಕೆ ನಂಗೆ ಕೈ ಬರಲ್ಲ."

ಬಾಯ್ಲರ್ ಎಂದರು, ಅದನ್ನೂ ಹೇಳಿಬಿಡುತ್ತೇನೆ. ತಮ್ಮ ಲೆಕ್ಕಕ್ಕೂ ಅದು ಬೇಕು. ನಮ್ಮವರು ಟವೆಲ್ ತಯಾರಿಸುವ ಗಿರಣಿಯಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸದಲ್ಲಿದ್ದರು. ದಪ್ಪನೆಯ, ಮೆತ್ತಗಿನ, ಹಾಲಿನ ಬಣ್ಣದ ಟವೆಲ್ಲುಗಳು. ಎಲ್ಲವೂ ಹಡಗು ಹತ್ತಿ ಹೊರದೇಶಗಳ ಹೋಟೆಲುಗಳಿಗೆ ಹೋಗುತ್ತಿದ್ದವು. ಅಂಚು ಸರಿಯಿಲ್ಲವೆಂದು ತಿರಸ್ಕಾರವಾದ ಒಂದು ಟವೆಲ್ ನಮ್ಮ ಮನೆಗೆ ಬಂದಿತ್ತು, ಅದಕ್ಕೆ ನಾನೇ ಹೊಸ ಅಂಚು ಹೊಲಿದೆ. ಟವೆಲ್ಲು ಹೊರಗೆ ಹೋಯಿತು, ಹೊಗೆ ಇಲ್ಲೇ ಉಳಿಯಿತು. ಉಳಿದ ಹೊಗೆಯಲ್ಲಿ ಸ್ವಲ್ಪ ನಮ್ಮವರ ಎದೆಯಲ್ಲಿ ಉಳಿಯಿತು. ಈಗ ತಮ್ಮ ಸಮಿತಿ ಆ ಹೊಗೆಯನ್ನು ಯಾರ ಹೆಸರಿಗೆ ಬರೆಯುತ್ತದೆ? ಗಿರಣಿ ಇರುವ ದೇಶದ ಹೆಸರಿಗಂತೆ. ಸ್ನಾನ ಮಾಡಿ ಮೈ ಒರೆಸಿಕೊಂಡವನು ಶುದ್ಧ, ಅವನಿಗಾಗಿ ಬೆಂಕಿಯ ಮುಂದೆ ನಿಂತವನು ಮಲಿನ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ತಮ್ಮ ಭಾಷೆಯಲ್ಲಿ ಇಲ್ಲದಿರಬಹುದು. ಆ ಪದ್ಧತಿಯಂತೂ ಇದ್ದಂತಿದೆ.

ಮುಂದಿನ ಬೇಸಿಗೆಗೆ ಪಾಲು ನಿಗದಿಯಾಯಿತು. ಖಾಲಿ ಮನೆಯಲ್ಲಿ ಎಸಿ ಓಡಿಸಿದ ಮೊದಲ ಮಹಡಿಗೆ ಎಲ್ಲರಿಗಿಂತ ದೊಡ್ಡ ಪಾಲು. ಸ್ವಿಚ್ಚು ಆರಿಸಿ ಆರಿಸಿ ಬೆರಳು ಸವೆಸಿಕೊಂಡ ನಮಗೆ, ಆಗ ವಾಸವಿದ್ದವರಲ್ಲೆಲ್ಲ ಸಣ್ಣದು. ಅದೇ ಬೇಸಿಗೆಯಲ್ಲಿ ನಮ್ಮವರಿಗೆ ಉಸಿರು ಸಾಲದಾಯಿತು. ಡಾಕ್ಟರು ಮನೆಯಲ್ಲೇ ಆಕ್ಸಿಜನ್ ಮಷಿನ್ ಇಡಬೇಕೆಂದರು, ಬಾಡಿಗೆಗೆ ತಂದು ಇಟ್ಟೆವು. ನಮ್ಮ ಮಿತಿಯಲ್ಲಿ ಮಷಿನ್ನು ಓಡುತ್ತಿತ್ತು. ಜೊತೆಗೆ ಫ್ಯಾನು ಹಾಕಿದರೆ ಮುಗಿಯಿತು, ಟಕ್. ಮೊದಲ ಸಲ ಹಾಗಾದಾಗ ನಾನು ಸ್ವಿಚ್ಚು ಎತ್ತಲು ಓಡಿದೆ. ಮೇಲೆ ಅವರು ಮಷಿನ್ನಿಲ್ಲದೆ ಬಾಯಿ ತೆರೆದು ಕೂತಿದ್ದಾರೆ, ನಾನು ಬರಿಗಾಲಲ್ಲಿ ಮೆಟ್ಟಿಲಿಳಿಯುತ್ತಿದ್ದೇನೆ. ಮೊದಲ ಮಹಡಿ ದಾಟುವಾಗ ಆ ಮನೆಯ ಬಾಗಿಲ ಸಂದಿಯಿಂದ ತಣ್ಣನೆಯ ಗಾಳಿ ನನ್ನ ಪಾದಕ್ಕೆ ತಗುಲಿತು. ಅದನ್ನು ನಾನು ಮರೆತಿಲ್ಲ. ಮರೆಯುವ ಉದ್ದೇಶವೂ ಇಲ್ಲ.

ಅಂದಿನಿಂದ ಕರೆಂಟು ಹೋದಾಗ ಫ್ಯಾನಿಲ್ಲ, ನನ್ನ ಮೋಟರಿನ ಹೊಲಿಗೆ ಮಷಿನ್ನೂ ಇಲ್ಲ. ಅಟ್ಟದಲ್ಲಿದ್ದ ಹಳೇ ಪೆಡಲ್ ಮಷಿನ್ ಇಳಿಸಿಕೊಂಡೆ. ಸ್ವಲ್ಪ ಹೊತ್ತು ಹೊಲಿಯುವುದು, ಸ್ವಲ್ಪ ಹೊತ್ತು ಅವರಿಗೆ ಗಾಳಿ ಹಾಕುವುದು. ಬೀಸಣಿಗೆ ಅಂದರೆ ನನ್ನ ಕೈಗೆ ಸಿಕ್ಕಿದ ರಟ್ಟು, ಮಕ್ಕಳ ಅಂಗಿಯ ಬೆನ್ನಿನ ಭಾಗ ಕತ್ತರಿಸಲು ಇಟ್ಟುಕೊಂಡಿರುವ ಅಚ್ಚು. ಆ ದಿನಗಳಲ್ಲೇ ತಮ್ಮ ಸಮಿತಿಯ ಸುದ್ದಿ ರೇಡಿಯೋದಲ್ಲಿ ಮೊದಲು ಬಂದದ್ದು. ಹಿಂದಿನ ಬಳಕೆಯ ಆಧಾರ ಎಂಬ ಮಾತು ಕಿವಿಗೆ ಬಿದ್ದದ್ದೇ ಅವರು ಮೂಗಿನ ನಳಿಗೆ ಸರಿಮಾಡಿಕೊಂಡು ನನ್ನ ಕಡೆ ನೋಡಿದರು.

"ನೋಡೇ, ನಮ್ಮ ಕಾರ್ಯದರ್ಶಿಗಳಿಗೆ ಪ್ರಮೋಷನ್ ಆಗಿದೆ. ಈಗ ಭೂಮಿಗೇ ಮೀಟರ್ ಹಾಕ್ತಿದಾರೆ."

"ನಗಬೇಡಿ, ಕೆಮ್ಮು ಬರುತ್ತೆ."

"ಬರ್ಲಿ ಬಿಡು. ನನ್ನ ಪಾಲಿನ ಗಾಳೀಲೇ ತಾನೇ ಕೆಮ್ತಿರೋದು."

ನಕ್ಕೆವು, ಕೆಮ್ಮಿದರು, ಗಾಳಿ ಹಾಕಿದೆ. ಆ ಬೇಸಿಗೆಯಲ್ಲಿಯೇ ಅವರು ಹೋದರು. ಕಾರ್ಯದರ್ಶಿಗಳ ಪಾಲುಪಟ್ಟಿಯಿಂದಲೇ ಹೋದರು ಎಂದು ನಾನು ಹೇಳಲಾರೆ, ಡಾಕ್ಟರೂ ಹಾಗೆ ಹೇಳಲಿಲ್ಲ. ಎದೆ ಆಗಲೇ ಕೆಟ್ಟಿತ್ತು. ನಾನು ಹೇಳುವುದು ಇಷ್ಟೇ: ಸಾಯುವ ಮನುಷ್ಯನಿಗೆ ಒಂದು ಫ್ಯಾನು ತಿರುಗಬೇಕಿತ್ತು. ಆ ಫ್ಯಾನಿಗೆ ಬೇಕಾದ ಕರೆಂಟು ಇದೇ ಕಟ್ಟಡದಲ್ಲಿ, ನಮ್ಮ ಕಾಲ ಕೆಳಗೇ ಇತ್ತು. ಅದು ನಮಗೆ ಸಿಗಲಿಲ್ಲ, ಯಾಕೆಂದರೆ ನಾವು ಅದಕ್ಕೂ ಮೊದಲು ದುಂದು ಮಾಡಿರಲಿಲ್ಲ.

ತಾವು ವಿದ್ವಾಂಸರು. ತಮ್ಮ ಸುತ್ತ ಅರ್ಥಶಾಸ್ತ್ರಜ್ಞರಿದ್ದಾರೆ. ಅವರು ಹೇಳಬಹುದು, ಬಳಕೆ ಹೆಚ್ಚಿರುವವರಿಗೆ ಅಭ್ಯಾಸ ಬಿಡುವುದು ಕಷ್ಟ, ಒಮ್ಮೆಲೇ ಕಡಿತ ಮಾಡಿದರೆ ಅವರ ಬದುಕು ಅಸ್ತವ್ಯಸ್ತವಾಗುತ್ತದೆ ಎಂದು. ಆಗಬಹುದು, ಸ್ವಾಮಿ. ಎಸಿಗೆ ಒಗ್ಗಿದ ಮೈಗೆ ಸೆಕೆ ಕಷ್ಟವೇ. ಆದರೆ ಅಭ್ಯಾಸವೇ ಹಕ್ಕಾಗುವುದಾದರೆ ಜಗತ್ತಿನಲ್ಲಿ ಯಾವ ಕೆಟ್ಟ ಚಾಳಿಗೆ ಪಟ್ಟಾ ಸಿಗುವುದಿಲ್ಲ ಹೇಳಿ? ಇನ್ನು ನನ್ನ ಕಸುಬಿನ ಮಾತು. ಶಾಲೆ ತೆರೆಯುವ ಹೊತ್ತಿಗೆ ಕೆಲವು ತಾಯಂದಿರು ಮಗುವನ್ನು ಕರೆತರುವುದಿಲ್ಲ, ಹೋದ ವರ್ಷದ ಅಂಗಿ ತಂದು 'ಇದೇ ಅಳತೆಗೆ ಹೊಲೀರಿ ಟೈಲರಮ್ಮ' ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮಗುವನ್ನು ಕರೆತನ್ನಿ, ಅಳೆಯುತ್ತೇನೆ. ಅಳೆದ ಮೇಲೂ ಒಳಗೆ ಮಡಚಿ ಬಟ್ಟೆ ಬಿಡುತ್ತೇನೆ, ಯಾಕೆಂದರೆ ಅದು ಬೆಳೆಯುವ ಮೈ. ತಾವೋ ಇನ್ನೂ ಬೆಳೆಯಬೇಕಾದ ದೇಶಗಳಿಗೆ ಹಳೇ ಅಂಗಿಯ ಅಳತೆಗೇ ಹೊಲಿಯುತ್ತಿದ್ದೀರಿ. ದೀಪವನ್ನೇ ಕಾಣದ ಮನೆ, ಫ್ರಿಜ್ಜಿಲ್ಲದ ಆಸ್ಪತ್ರೆ ಇರುವ ದೇಶಕ್ಕೆ ಹೋಗಿ, ನಿಮ್ಮದು ಇಲ್ಲಿಯವರೆಗೆ ಚಿಕ್ಕ ಅಂಗಿ, ಮುಂದೆಯೂ ಅದರಲ್ಲೇ ತೂರಿಕೊಳ್ಳಿ ಎನ್ನುತ್ತಿದ್ದೀರಿ. ಕೈ ಎತ್ತಿದರೆ ಕಂಕುಳು ಹರಿಯುತ್ತದೆ. ತಮ್ಮ ಸಭೆಯಲ್ಲಿ ಕೆಲವರು ಕೈ ಎತ್ತದೇ ಕೂತಿರುವುದು ಅದಕ್ಕೇ ಇರಬಹುದು.

ನಮ್ಮವರು ಹೋದ ಮೇಲೆ ಮಷಿನ್ನು ವಾಪಸು ಹೋಯಿತು. ಅದರ ಗುರ್ ಎನ್ನುವ ಸದ್ದು ನಿಂತ ಮೇಲೆಯೇ ಈ ಮನೆ ಇಷ್ಟು ಖಾಲಿ ಎಂದು ನನಗೆ ಗೊತ್ತಾದದ್ದು. ಪೆಡಲ್ ನಿಲ್ಲಿಸಲು ಹೆದರಿಕೆಯಾಗುತ್ತಿತ್ತು. ನಿಲ್ಲಿಸಿದರೆ ಏನೂ ಕೇಳಿಸುವುದಿಲ್ಲ. ಅಂಥದೊಂದು ಮಧ್ಯಾಹ್ನ ಬಾಗಿಲು ಬಡಿಯಿತು. ಯಾರಾದರೂ ಬಂದರಲ್ಲ ಎಂದು ಓಡಿ ಹೋಗಿ ತೆರೆದೆ. ಕಾರ್ಯದರ್ಶಿಗಳು, ಅವರ ಹಿಂದೆ ಮೊದಲ ಮಹಡಿಯ ಯಜಮಾನರು.

"ಹೇಗಿದೀರಿ ಟೈಲರಮ್ಮ?" ಎಂದರು ಕಾರ್ಯದರ್ಶಿಗಳು. ನಾನು ಹೇಗಿದ್ದೇನೆಂದು ಹೇಳುವಷ್ಟರಲ್ಲಿ ವಿಷಯಕ್ಕೆ ಬಂದರು. "ಈಗ ಆ ಮಷಿನ್ ಇಲ್ವಲ್ಲ. ನಿಮ್ಮ ಪಾಲು ಸುಮ್ನೆ ವೇಸ್ಟ್ ಆಗ್ತಿದೆ. ಇವರಿಗೆ ಇನ್ನೊಂದು ರೂಮಿಗೆ ಎಸಿ ಹಾಕ್ಬೇಕಂತೆ. ನಿಮಗೆ ಬೇಡದ್ದನ್ನ ಇವರಿಗೆ ಮಾರ್ಬಿಡಿ. ನಿಮಗೂ ಕೈಗೆ ನಾಲ್ಕು ಕಾಸಾಗುತ್ತೆ."

ಮೊದಲ ಮಹಡಿಯವರು ಸಂಕೋಚದ ಮನುಷ್ಯ, ಸುಮ್ಮನೆ ತೆಗೆದುಕೊಳ್ಳುವವರಲ್ಲ. "ಟೆರೇಸ್ ಮೇಲೆ ಕುಂಡದಲ್ಲಿ ಗಿಡ ಇಡಿಸ್ತೀನಮ್ಮ. ಸರಿಯಾಗಿ ನಿಮ್ಮ ಸೂರಿನ ಮೇಲೇ. ನಿಮಗೂ ತಂಪಾಗುತ್ತೆ," ಎಂದರು.

ಅವರ ಕೋಣೆಗೆ ಎಸಿ, ನನ್ನ ತಲೆಯ ಮೇಲೆ ಕುಂಡ. ಹೊಗೆಯ ಹಕ್ಕನ್ನು ದೇಶಗಳು ಕೊಂಡು ಮಾರಬಹುದು, ಬೇರೆಯವರ ಊರಿನಲ್ಲಿ ಗಿಡ ನೆಟ್ಟು ತಮ್ಮ ಹೊಗೆಯನ್ನು ಸರಿದೂಗಿಸಬಹುದು ಎಂಬ ತಮ್ಮ ಯೋಜನೆ ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಕುಂಡಗಳೇ. ಕುಂಡಗಳು ಬಂದವು, ನೀರು ಹಾಕುವವರು ಬರಲಿಲ್ಲ. ಗಿಡ ಒಣಗಿತು. ಎಸಿ ಓಡುತ್ತಿದೆ. ಅಂದಹಾಗೆ ನಾನು ನನ್ನ ಪಾಲನ್ನು ಮಾರಲಿಲ್ಲ. ಆ ಹೊಸ ಎಸಿಗೆ ಬೇರೆ ಯಾರೋ ಮಾರಿದರು. ನಾನು ಯಾಕೆ ಮಾರಲಿಲ್ಲ ಎಂದರೆ, ಅದು ಬೇಡದ್ದು ಎಂದು ನನಗೆ ಅನ್ನಿಸಲಿಲ್ಲ. ಅದು ನಮ್ಮವರು ಉಸಿರಾಡಿದ ಪಾಲು.

ಈ ನಡುವೆ ನನ್ನ ಕೆಳಗಿನ ಮೂರನೇ ಮಹಡಿಯ ಮನೆಗೆ ಬಾಡಿಗೆಗೆ ಒಂದು ಸಣ್ಣ ಸಂಸಾರ ಬಂತು. ಗಂಡ, ಹೆಂಡತಿ, ಎದೆಹಾಲಿನ ಕೂಸು. ಮೀಟರ್ ನೋಡಿದ ಆ ಬೇಸಿಗೆಯಲ್ಲಿ ಆ ಮನೆ ಖಾಲಿಯಿತ್ತು. ಖಾಲಿ ಇದ್ದೂ ಎಸಿ ಓಡಿಸುವ ದೂರದೃಷ್ಟಿ ಅದರ ಮಾಲೀಕನಿಗೆ ಇರಲಿಲ್ಲ. ಆದ್ದರಿಂದ ಆ ಮನೆಯ ಪಾಲು ಸೊನ್ನೆ. ಕರೆಂಟು ಹೋದರೆ ಆ ಹುಡುಗಿ ಮಗುವನ್ನೆತ್ತಿಕೊಂಡು ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದಳು. ಕಾರ್ಯದರ್ಶಿಗಳನ್ನು ಅವಳು ಕೇಳಿದಾಗ ನಾನು ಅಲ್ಲೇ ಇದ್ದೆ.

"ಸರ್, ಒಂದು ಫ್ಯಾನಿಗಾದ್ರೂ ಕೊಡಿ. ಮಗೂಗೆ ಮೈಯೆಲ್ಲ ಬೆವರುಸಾಲೆ."

"ಕೊಡ್ಬಾರ್ದು ಅಂತಲ್ಲಮ್ಮ. ಹಿಂದಿನ ಬಳಕೆ ಇಲ್ವಲ್ಲ ನಿಮ್ದು."

"ಆಗ ಮಗು ಹುಟ್ಟೇ ಇರ್ಲಿಲ್ಲ, ಸರ್."

"ಅದಕ್ಕೇ ಹೇಳ್ತಿರೋದು, ಹಿಂದಿನ ಬಳಕೆ ಇಲ್ಲ ಅಂತ."

ಹಿಂದೆ ಬಳಸದೇ ಇದ್ದ ತಪ್ಪಿಗೆ ಒಂದು ಹಸುಗೂಸಿಗೆ ಶಿಕ್ಷೆಯಾದದ್ದನ್ನು ನಾನು ಕಣ್ಣಾರೆ ಕಂಡೆ. ತಮ್ಮ ಅಳತೆಯಲ್ಲಿ ಇನ್ನೂ ಹುಟ್ಟದವರ ಪಾಲು ಎಷ್ಟು ಎಂದು ಕೇಳುವ ಅಗತ್ಯವೇ ನನಗೆ ಬರಲಿಲ್ಲ. ಅವತ್ತೇ ಎಲೆಕ್ಟ್ರಿಕ್ ಅಂಗಡಿಯಿಂದ ಗಟ್ಟಿ ವೈರು ತರಿಸಿ, ನನ್ನ ಕಿಟಕಿಯಿಂದ ಅವಳ ಕಿಟಕಿಗೆ ಇಳಿಬಿಟ್ಟೆ. ನಮ್ಮವರ ಮಷಿನ್ನಿಗೆ ಹೋಗುತ್ತಿದ್ದ ಕರೆಂಟಿನಲ್ಲಿ ಈಗ ಕೂಸಿನ ತೊಟ್ಟಿಲ ಮೇಲೆ ಫ್ಯಾನು ತಿರುಗುತ್ತದೆ, ನನ್ನದೂ ತಿರುಗುತ್ತದೆ. ಟ್ರಿಪ್ ಆಗುವುದಿಲ್ಲ. ಕರೆಂಟು ಹೋದ ಕೂಡಲೇ ಕೆಳಗಿನಿಂದ ಅವಳ ದನಿ ಬರುತ್ತದೆ: "ಆಂಟೀ, ಹಾಕಿ!" ನಾನು ಸ್ವಿಚ್ಚು ಹಾಕುತ್ತೇನೆ. ಸ್ವಲ್ಪ ಹೊತ್ತಿಗೆ ಮಗುವಿನ ಅಳು ನಿಲ್ಲುತ್ತದೆ. "ಮಲಗ್ತು ಆಂಟೀ," ಎಂದು ಇನ್ನೊಂದು ಕೂಗು. ಕೆಲವು ದಿನ ಇಡೀ ದಿನಕ್ಕೆ ನನ್ನೊಡನೆ ಯಾರಾದರೂ ಆಡುವ ಮಾತು ಇವೆರಡೇ. ನಾಚಿಕೆ ಬಿಟ್ಟು ಹೇಳುತ್ತೇನೆ, ಕರೆಂಟು ಯಾವಾಗ ಹೋಗುತ್ತದೆ ಎಂದು ನಾನು ಕಾಯುತ್ತೇನೆ.

ಕಳೆದ ವಾರ ಸಂಘದಿಂದ ನೋಟೀಸು ಬಂತು. ಪಾಲನ್ನು ಮಾರಬಹುದಂತೆ, ಹಾಗೇ ಕೊಡುವಂತಿಲ್ಲವಂತೆ. ಕೊಟ್ಟರೆ ವ್ಯವಸ್ಥೆಗೆ ಧಕ್ಕೆಯಂತೆ. ವೈರು ಬಿಚ್ಚಬೇಕು, ಇಲ್ಲವಾದರೆ ಬಿಚ್ಚಿಸುತ್ತೇವೆ ಎಂದಿದೆ. ಭಾನುವಾರ ಸಭೆ. ತಲೆ ಎಣಿಸಿ ಪಾಲು ಮಾಡಿ ಎಂದು ನಾನು ಕೇಳಲಿದ್ದೇನೆ ಎಂದು ಮುಂಚಿತವಾಗಿಯೇ ಕಾರ್ಯದರ್ಶಿಗಳಿಗೆ ತಿಳಿಸಿದೆ. ಅವರು ತಾಳ್ಮೆಯಿಂದ ನಕ್ಕರು.

"ಟೈಲರಮ್ಮ, ರೇಡಿಯೋ ಕೇಳ್ತೀರಲ್ಲ? ದೇಶ ದೇಶಗಳೇ ಹಿಂದಿನ ಬಳಕೆ ಮೇಲೆ ಹಂಚ್ಕೊಳ್ತಿವೆ. ಅಲ್ಲಿ ಕೂತಿರೋರು ದಡ್ಡರಾ? ಇನ್ನೊಂದು ಮಾತು. ತಲೆ ಎಣಿಸಿದ್ರೆ ನಿಮ್ಮನೇಲಿ ಇರೋದೇ ಒಂದು ತಲೆ. ಈಗಿರೋ ಪಾಲೂ ಕಡಿಮೆಯಾಗುತ್ತೆ, ನೋಡ್ಕೊಳ್ಳಿ."

ತಮಗೆ ಪತ್ರ ಬರೆಯಲು ಕಾರಣ ಇದೇ, ಅಧ್ಯಕ್ಷರೇ. ನನ್ನ ಎದುರು ನಿಂತು ಕಾರ್ಯದರ್ಶಿಗಳು ಸಾಕ್ಷಿ ಕರೆದದ್ದು ತಮ್ಮನ್ನು. ತಾವು ಅಲ್ಲಿ ಒಂದು ಅಳತೆ ಒಪ್ಪಿದರೆ ಇಲ್ಲಿ ಮೆಟ್ಟಿಲ ಮೇಲೆ ಒಂದು ಕೂಸು ಬೆವರುತ್ತದೆ. ತಮಗೆ ಅದು ಕಾಣದು, ಅದಕ್ಕೇ ಬರೆದು ತಿಳಿಸುತ್ತಿದ್ದೇನೆ. ಆ ಸಲಹೆಯನ್ನು ಮೇಜಿನಿಂದ ಎತ್ತಿ ಕಸದ ಬುಟ್ಟಿಗೆ ಹಾಕಿ. ತಲೆ ಎಣಿಸಿ. ಯಾವ ದೇಶದ್ದೇ ಆಗಲಿ, ತಲೆಗೆ ಒಂದೇ ಪಾಲು ಕೊಡಿ. ಹಿಂದೆ ಬೇಕಾಬಿಟ್ಟಿ ಬಿಟ್ಟವರ ಹೊಗೆಯನ್ನು ಅವರ ಪಾಲಿನಿಂದ ಕಳೆಯಿರಿ, ಕೂಡಿಸಬೇಡಿ. ಟವೆಲ್ಲಿನ ಹೊಗೆಯನ್ನು ಟವೆಲ್ಲು ಬಳಸಿದವರ ಹೆಸರಿಗೆ ಬರೆಯಿರಿ. ತನ್ನ ಪಾಲಿನ ಹೊಗೆಯನ್ನು ಬಿಡದೇ ಸತ್ತು ಹೋದ ಮನುಷ್ಯನ ಜಾಗ ಆಕಾಶದಲ್ಲಿ ಎಲ್ಲೋ ಇರಬೇಕಲ್ಲ, ಅದನ್ನು ಈಗಾಗಲೇ ಯಾರು ತುಂಬಿಸಿದರು ಎಂದು ಹುಡುಕಿ. ಸಿಕ್ಕಿದರೆ ನನಗೂ ತಿಳಿಸಿ.

ಕಾರ್ಯದರ್ಶಿಗಳು ಹೇಳಿದ್ದು ಸುಳ್ಳಲ್ಲ. ತಲೆ ಎಣಿಸಿದರೆ ನನ್ನ ಪಾಲು ಇಳಿಯುತ್ತದೆ. ಒಂದು ಫ್ಯಾನು, ಒಂದು ದೀಪ; ಒಬ್ಬಳಿಗೆ ಅಷ್ಟೇ ನ್ಯಾಯ. ಕೆಳಗಿನ ಮನೆಗೆ ಮೂರು ತಲೆಯ ಪಾಲು ಸಿಗುತ್ತದೆ, ಅವರ ಸ್ವಿಚ್ಚನ್ನು ಅವರೇ ಹಾಕಿಕೊಳ್ಳುತ್ತಾರೆ. ಆಮೇಲೆ ಕರೆಂಟು ಹೋದಾಗ ಕೆಳಗಿನಿಂದ ಯಾರೂ ನನ್ನನ್ನು ಕೂಗಬೇಕಾಗಿಲ್ಲ. ಮಗು ಮಲಗಿದ್ದು ನನಗೆ ಗೊತ್ತಾಗುವುದಿಲ್ಲ. ಇದನ್ನೆಲ್ಲ ಯೋಚಿಸಿಯೇ ಕೇಳುತ್ತಿದ್ದೇನೆ. ಸಂಘದ ಜನ ಬಂದು ವೈರು ಕಿತ್ತುಹಾಕುವ ಮೊದಲು, ಅದು ಬೇಡವೇ ಬೇಡ ಎನ್ನುವಂತೆ ಮಾಡಿ. ಸುತ್ತಿ ಎತ್ತಿಡುವ ಕೆಲಸ ನಾನೇ ಮಾಡುತ್ತೇನೆ.

ಇಂತಿ,
ಲೆಕ್ಕಕ್ಕೆ ಒಂದೇ ತಲೆ,
ಕೊನೆಯ ಮಹಡಿಯ ಟೈಲರಮ್ಮ